ಐದನೇ ಮೊಳೆ

ಸೆನೆಟ್ ಹಾಲಿಗೆ ಚಿತ್ರ ಬರೆಯುವ ಹುಡುಗ
ಶಿಡ್ಲಘಟ್ಟದ ಓಣಿಯಲ್ಲಿ ನನ್ನ ಮನೆ ಹುಡುಕಿಕೊಂಡು ಬಂದ.
ಮೊದಲ ರಿಜಿಸ್ಟ್ರಾರ್ ಬಷೀರುದ್ದೀನ್ ಸಾಹೇಬರದು
ಒಂದು ಫೋಟೋನೂ ಸಿಗಲಿಲ್ಲವಂತೆ.
'ಜೊತೆಗಿದ್ದವರು ನೀವೇ ಉಳಿದಿರೋದು ಸಾರ್, ಮುಖ ಹೇಗಿತ್ತು?'

ಮುಖ ಯಾರು ನೋಡಿದರಪ್ಪ.
ನಾನು ನೋಡಿದ್ದು ಅವರ ಟ್ರಂಕು.
ಇಡೀ ವಿಶ್ವವಿದ್ಯಾಲಯ ಅದರೊಳಗಿತ್ತು:
ಸರ್ಕಾರಿ ಆದೇಶ ಒಂದು, ಅರಗಿನ ಕಡ್ಡಿ, ಎರಡು ರಿಜಿಸ್ಟರು,
ಬೇಗಂ ಕಟ್ಟಿಕೊಟ್ಟ ಮಧ್ಯಾಹ್ನದ ಡಬ್ಬಿ.
ಚಿಂತಾಮಣಿ ಬಸ್ಸಿನ ಟಾಪಿಗೆ ಹಾಕಗೊಡದೆ
ತೊಡೆಯ ಮೇಲಿಟ್ಟುಕೊಂಡೇ ಬರುತ್ತಿದ್ದರು.
ಕಂಡಕ್ಟರು ಲಗೇಜು ಚೀಟಿ ಹರಿದರೆ
ಅದನ್ನೂ ನಂಬರು ಹಾಕಿ ಫೈಲಿಗೆ ಸೇರಿಸುತ್ತಿದ್ದರು.
ಅದು ಬರಿ, ಅಂದೆ.
ಹುಡುಗ ಕೇಳಿದ, 'ಕಿವಿ ದೊಡ್ಡದಾ ಸಾರ್?'

ಮೊದಲ ಎರಡು ವರ್ಷ ನಾವಿದ್ದದ್ದು
ಬೈಯಣ್ಣ ಶೆಟ್ಟರ ಗೂಡಿನ ಗೋದಾಮಿನಲ್ಲಿ.
ಬಾಡಿಗೆ ಬೇಡವೇ ಬೇಡ ಅಂದರು.
ಮೂರನೇ ತಿಂಗಳಿಂದ ಕೇಳಿದರು.
ಈಗ ಅವರೂ ಗೋಡೆ ಮೇಲೆ, ಜರಿ ಪೇಟ, ಮಹಾದಾನಿ.

ಕುಲಪತಿ ವೆಂಕಟರವಣಪ್ಪನವರಿಗೆ
ಬೆಂದ ಹುಳದ ವಾಸನೆ ಆಗದು.
ಮೂಗಿಗೆ ಕರ್ಚೀಫು ಒತ್ತಿಕೊಂಡೇ ಸಹಿ ಹಾಕುವರು,
ಅದಕ್ಕೇ ಅವರ ಸಹಿ ಹಾಗೆ, ಒಂದೇ ಉಸಿರಿನದು.
ಮೊದಲ ಘಟಿಕೋತ್ಸವಕ್ಕೆ ಗೌನು ಎಲ್ಲಿಂದ ತರುವುದು?
ಕೋರ್ಟಿನ ವಕೀಲರ ಹತ್ತಿರ ಹದಿನೇಳು ಕಡ ತಂದೆವು,
ಸೋಮವಾರ ಹನ್ನೊಂದರೊಳಗೆ ವಾಪಸ್ಸೆಂಬ ಮಾತಿನ ಮೇಲೆ.
ವೇದಿಕೆಯಲ್ಲಿ ಕುಲಪತಿಗಳು ಭಾಷಣವೆಂದು ಬಿಡಿಸಿದ್ದು
ಯಾರದೋ ಬದು ತಕರಾರಿನ ಸಮನ್ಸು.
ಆವತ್ತೊಂದು ದಿನ ಅವರು ನಕ್ಕಿದ್ದು.

ಇಷ್ಟನ್ನೂ ಹುಡುಗ ಬರೆದುಕೊಂಡ.
ಇನ್ನೊಂದು ನಾನು ಹೇಳಲಿಲ್ಲ.

ಅಡ್ಮಿಶನ್ ತೆರೆದ ದಿನ ಮುಹೂರ್ತ ಹತ್ತೂ ನಲವತ್ತಕ್ಕೆ.
ರಿಜಿಸ್ಟರಿಗೆ ಕುಂಕುಮ ಇಟ್ಟಾಗಿದೆ, ಒಬ್ಬನೂ ಬಂದಿಲ್ಲ.
ಸಾಹೇಬರು ಗಡಿಯಾರ ನೋಡುತ್ತಾರೆ, ಬಾಗಿಲು ನೋಡುತ್ತಾರೆ.
ಗೋದಾಮು ಗುಡಿಸುತ್ತಿದ್ದ ಅಕ್ಕಯಮ್ಮ
ಪೊರಕೆ ಕೆಳಗಿಡದೆಯೇ ಅಂದಳು:
'ನಂದು ಪಿಯುಸಿ ಆಗೈತೆ ಸಾ. ಸೆಕೆಂಡ್ ಕ್ಲಾಸು.'

ಫಿಲೇಚರಿನ ಕುದಿನೀರಲ್ಲಿ ಬೆಂದು ಬೆಳ್ಳಗಾದ ಬೆರಳು.
ಪೆನ್ನು ಜಾರಿತು, ಯ ಅಕ್ಷರದ ಮೇಲೆ ಶಾಯಿ ಚೆಲ್ಲಿತು.
ಕ್ರಮ ಸಂಖ್ಯೆ ಒಂದು, ರೇಷ್ಮೆ ಡಿಪ್ಲೊಮಾ.

ಮೈಸೂರಿಂದ ಬಂದ ಲೆಕ್ಚರರು
ಬೋರ್ಡಿನ ಮೇಲೆ ಗೂಡು ಬರೆದು ಬಾಣ ಹಾಕಿದರು,
ಎಳೆಯ ತುದಿ ಇಲ್ಲಿ.
ಬಟ್ಟಲಿನ ಬಿಸಿನೀರಲ್ಲಿ ಹತ್ತು ನಿಮಿಷ ಹುಡುಕಿದರು, ಸಿಗಲಿಲ್ಲ.
ಅವಳು ಎದ್ದು ಬಂದು
ಹುಲ್ಲು ಕಡ್ಡಿಯಿಂದ ಗೂಡುಗಳ ತಲೆ ಸವರಿ
ಮೇಲೆತ್ತಿದಳು ನೋಡಿ,
ಎಂಟು ಗೂಡು, ಎಂಟು ಎಳೆ, ಕಿಟಕಿಯ ಬಿಸಿಲಿಗೆ
ಇದೆಯೋ ಇಲ್ಲವೋ ಅನ್ನುವ ಹಾಗೆ.
'ತುದಿ ಕಣ್ಣಿಗೆ ಕಾಣಲ್ಲ ಸಾ. ಕಡ್ಡಿಗೆ ಗೊತ್ತಾಯ್ತದೆ.'

ಎರಡನೇ ಕಂತು ಅರವತ್ತು ರೂಪಾಯಿ.
ನೋಟಿಸು ಹಚ್ಚಿದ್ದು ನಾನು. ಗಡುವು ಮುಗಿದ ಸಂಜೆ
ಸ್ಕೇಲು ಇಟ್ಟು ಕೆಂಪು ಶಾಯಿಯಲ್ಲಿ
ನೆಟ್ಟಗೆ ಗೆರೆ ಎಳೆದದ್ದೂ ನಾನೇ.
ಆ ತಿಂಗಳು ನನ್ನ ಸಂಬಳ ನೂರ ತೊಂಬತ್ತು.
ಸಾಹೇಬರು ಪುಟ ನೋಡಿ, 'ಹೊಡೆದೇ ಬಿಟ್ಟೆಯಾ' ಅಂದರು.
ಬೈಯಲಿಲ್ಲ. ಟ್ರಂಕಿನ ಚಿಲಕ ಹಾಕಲು
ಬಹಳ ಹೊತ್ತು ತೆಗೆದುಕೊಂಡರು.

ಸಂಖ್ಯೆ ಎರಡು ಶೆಟ್ಟರ ತಂಗಿ ಮಗ.
ಪ್ರಥಮ ವಿದ್ಯಾರ್ಥಿ ಎಂದು ನಾಲ್ಕನೇ ಚಿತ್ರ ಅವನದು.

ಉದ್ಘಾಟನೆಗೆ ಕರೆದಿದ್ದರು, ಶಾಲು ಹೊದಿಸಿದರು.
ಸಾಹೇಬರ ಕಿವಿ ತಪ್ಪಾಗಿದೆ, ಕಣ್ಣು ಪರವಾಗಿಲ್ಲ.
ಬಡಗಿ ಲೆಕ್ಕ ತಪ್ಪಿ ಮೊಳೆ ಐದು ಹೊಡೆದಿದ್ದ,
'ಕೀಳಿಸಿಬಿಡೋಣವಾ ಸಾರ್?' ಅಂತ ಯಾರೋ ನನ್ನನ್ನೇ ಕೇಳಿದರು.
ಇರಲಿ ಅಂದೆ. ಗೋಡೆ ಕಿತ್ತು ಬರುತ್ತೆ ಅಂದೆ.

ಮೊನ್ನೆ ಪೆನ್ಷನ್ ಕಾಗದಕ್ಕೆ ಹೋದಾಗ ಇಣುಕಿದೆ.
ಕಸ ಗುಡಿಸುವ ಹೆಂಗಸು
ಅದಕ್ಕೆ ತನ್ನ ಊಟದ ಚೀಲ ತೂಗುಹಾಕಿದ್ದಳು.